ಉಪ್ಪಿಲ್ಲದ ಮನೆಯ ಉಪ್ಪಿನ ಋಣ

ಪೆರು ದೇಶದ ಉಕಯಾಲಿ ನದಿಯ ದಂಡೆಯ ‘ಬೆಳಕಿನ ಬಳ್ಳಿ’ ಕೇಂದ್ರದಲ್ಲಿ ಒರ್ಫೆಲಿನಾ ವರ್ಷಗಟ್ಟಲೆ ಉಪ್ಪಿಲ್ಲದೆ ಅಡುಗೆ ಮಾಡಿದಳು. ಸಪ್ಪೆ ಬಾಳೆಕಾಯಿ, ಸಪ್ಪೆ ಮೀನು, ಸಪ್ಪೆ ಅನ್ನ. ಕೈರುಚಿಗೆ ಹೆಸರಾದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಆದರೆ ಮೈಮರೆಸಿ ದರ್ಶನ ತೋರಿಸುವ ಅಯಾಹುವಾಸ್ಕಾ ಬಳ್ಳಿಯ ಕಷಾಯವನ್ನು ಚಿಕಿತ್ಸೆಯೆಂದು ಕುಡಿಯಲು ಬರುವವರು ಪಥ್ಯ ಹಿಡಿಯಬೇಕು. ಉಪ್ಪು, ಖಾರ, ಹಂದಿಮಾಂಸ, ಗಂಡುಹೆಣ್ಣಿನ ಸಂಗ, ಯಾವುದೂ ಕೂಡದು. ಪಥ್ಯ ಮುರಿದವರ ಮೇಲೆ ಬಳ್ಳಿ ತಿರುಗಿ ಬೀಳುತ್ತದೆ ಎನ್ನುವುದು ಅಲ್ಲಿನ ಶಿಪಿಬೊ ಬುಡಕಟ್ಟಿನಲ್ಲಿ ಎಳೆಮಕ್ಕಳಿಗೂ ಗೊತ್ತು.

ಒರ್ಫೆಲಿನಾಳ ಅಪ್ಪ ಬಳ್ಳಿಯ ಕಷಾಯ ಕೊಡುವ ಹೆಸರುವಾಸಿ ವೈದ್ಯ. ಪಥ್ಯ ಹಿಡಿದರೆ ಹೆಂಡತಿ ಮಲಗಿದ ಕಡೆಗೆ ಸುಳಿಯುತ್ತಲೂ ಇರಲಿಲ್ಲ. “ಆ ಪಥ್ಯದಿಂದ ನಾನು ಬದುಕ್ಕೊಂಡೆ ಕಣ್ರೇ, ಇಲ್ದಿದ್ರೆ ನೀವಿಬ್ರಲ್ಲ, ಹನ್ನೆರಡು ಜನ ಇರ್ತಿದ್ರಿ” ಎಂದು ಅಮ್ಮ ನಗುತ್ತಿದ್ದಳು. ಇಬ್ಬರೆಂದರೆ ಒರ್ಫೆಲಿನಾ ಮತ್ತು ಅವಳ ಅಕ್ಕ ಲಿದಿಯಾ. ಗಂಡ ನದಿಯ ಪಾಲಾದ ಮೇಲೆ ಒರ್ಫೆಲಿನಾಗೆ ತನ್ನವರೆಂದು ಉಳಿದವಳು ಅಕ್ಕ ಒಬ್ಬಳೇ. ಕೇಂದ್ರದ ಗುರು ಸೆಗುಂದಿನೊ ಆ ಅಕ್ಕನ ಮಗ, ಒರ್ಫೆಲಿನಾ ಸೊಂಟದ ಮೇಲೆ ಹೊತ್ತು ತಿರುಗಿದ ಕೂಸು. ಅವನ ಹೆಂಡತಿ ಹಳ್ಳಿಯಲ್ಲಿ ಅತ್ತೆ ಲಿದಿಯಾಳ ಜೊತೆಗಿದ್ದಳು.

ಕೂಸು ಕೆಟ್ಟಿತ್ತು. ಮಳೆಗಾಲದ ಹೊತ್ತಿಗೆ ಪರದೇಶದ ಹುಡುಗಿಯೊಬ್ಬಳು ಬೆಳಗಿನ ದೋಣಿಗೆ ಕಾಯುತ್ತ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ನಡುಗಿದಳು. ಕಷಾಯ ಕುಡಿದು ಕೈಕಾಲು ಸ್ವಾಧೀನದಲ್ಲಿಲ್ಲದಾಗ ಗುರುಗಳು ‘ವಿಶೇಷ ಶುದ್ಧಿ’ ಎಂದು ತಮ್ಮ ಗುಡಿಸಲಿಗೆ ಒಬ್ಬಳನ್ನೇ ಕರೆದೊಯ್ದರಂತೆ. ಉಳಿದದ್ದನ್ನು ಅವಳು ಹೇಳಲಿಲ್ಲ, ಒರ್ಫೆಲಿನಾ ಕೇಳಲೂ ಇಲ್ಲ. ಇದಕ್ಕೂ ಮೊದಲು ಹೀಗೆ ಅಳುತ್ತ ದೋಣಿ ಹತ್ತಿದವರ ಮುಖಗಳು ಒಂದೊಂದಾಗಿ ಅವಳಿಗೆ ನೆನಪಾದವು.

ಬಾಳೆಕಾಯಿ ತರುವ ನೆಪ ಹೇಳಿ ಊರಿಗೆ ಹೋದಳು. ಠಾಣೆಯ ಪೊಲೀಸಪ್ಪ ಆಕಳಿಸಿದ. “ಅದು ನಿಮ್ಮವರ ಸಂಪ್ರದಾಯ ಅಲ್ವೇನಮ್ಮಾ? ನಾವ್ಯಾಕೆ ಅದ್ರಲ್ಲಿ ಕೈ ಹಾಕೋಣ?”

“ಯಾವ ಸಂಪ್ರದಾಯ? ಪಥ್ಯದಲ್ಲಿ ಕಟ್ಕೊಂಡ ಹೆಂಡ್ತೀನೂ ಮುಟ್ಟೋ ಹಾಗಿಲ್ಲ ನಮ್ಮಲ್ಲಿ! ಕಳ್ಳಾಟಕ್ಕೆಲ್ಲ ನಮ್ಮ ಹೆಸರು ಇಡಬೇಡ!” ಎಂದು ಅವಳು ಕೂಗಿದ ಕೂಗಿಗೆ ಹೊರಗಿದ್ದ ಹಣ್ಣಿನವಳು ಬಂದು ಇಣುಕಿದಳಂತೆ. ಆ ಹಣ್ಣಿನವಳೇ ಅವಳನ್ನು ಮಹಿಳಾ ಸಹಾಯ ಕಚೇರಿಗೆ ಕರೆದೊಯ್ದಳು. ಅಲ್ಲಿಯ ವಕೀಲೆ ಯೆಸೇನಿಯಾ ಪೂರ್ತಿ ಕೇಳಿಸಿಕೊಂಡಳು. ಸೆಗುಂದಿನೊ ಹೆಸರು ಹೇಳುವ ಮೊದಲು ಒರ್ಫೆಲಿನಾ, “ನಮ್ಮಕ್ಕ ಇನ್ನು ನನ್ನ ಮುಖ ನೋಡಲ್ಲ” ಎಂದಳು, ಆದರೂ ಹೇಳಿದಳು. ಗುರುವಾರ ಬೆಳಿಗ್ಗೆ ದೋಣಿಯಲ್ಲಿ ತಾನೇ ಬರುವುದಾಗಿ ಯೆಸೇನಿಯಾ ಮಾತು ಕೊಟ್ಟಳು.

ಆದರೆ ಬುಧವಾರ ರಾತ್ರಿಯೇ ಕಷಾಯದ ಕೂಟವಿತ್ತು. ವಿಶೇಷ ಶುದ್ಧಿಗೆ ಆರಿಸಿದ್ದು ಅರ್ಜೆಂಟೀನಾದ ಬ್ರೂನೆಲಾಳನ್ನು. ಒರ್ಫೆಲಿನಾ ಅವಳನ್ನು ಬಾವಿಯ ಬಳಿ ಹಿಡಿದು, “ಹೋಗ್ಬೇಡಮ್ಮ, ನನ್ನ ಮಾತು ಕೇಳು” ಎಂದು ಬೇಡಿಕೊಂಡಳು.

“ಭಯ ಆಗುತ್ತೆ ಅಂತ ಗುರುಗಳು ಮೊದಲೇ ಹೇಳಿದ್ರು. ಬೇಡ ಅಂತ ತಡೆಯೋರೂ ಬರ್ತಾರಂತೆ. ಅದೆಲ್ಲ ಬಳ್ಳಿಯ ಪರೀಕ್ಷೆ” ಎಂದಳು ಹುಡುಗಿ, ಕಣ್ಣರಳಿಸಿ.

ಪಾಪಿ, ತಪ್ಪಿಸಿಕೊಳ್ಳುವ ದಾರಿಗೂ ಮೊದಲೇ ಬೇಲಿ ಹಾಕಿಟ್ಟಿದ್ದ! ಊರಿನ ದೋಣಿ ಮತ್ತೆ ಬರುವುದು ಗುರುವಾರ ಬೆಳಿಗ್ಗೆಯೇ, ಕೇಂದ್ರದ ಒಂದೇ ದೋಣಿಯ ಕೀಲಿಯೂ ಅವನ ಕೊರಳಲ್ಲೇ. ಒರ್ಫೆಲಿನಾ ಒಲೆಯ ಮುಂದೆ ಕುಳಿತು ಬುಧವಾರದ ಮಧ್ಯಾಹ್ನಕ್ಕೆ ಮೀನಿನ ಸಾರು ಕುದಿಸಿದಳು. ಊರಿಗೆ ಹೋಗುವ ದಾರಿಯಲ್ಲಿ ಬುತ್ತಿಗೆ ನಂಚಿಕೊಳ್ಳಲೆಂದು ಕಟ್ಟಿಕೊಂಡಿದ್ದ ಉಪ್ಪಿನ ಪೊಟ್ಟಣ ಅವಳ ಚೀಲದಲ್ಲೇ ಇತ್ತು. ಅಪ್ಪನನ್ನು ನೆನೆದು ಕ್ಷಮೆ ಕೇಳಿ, ಪೊಟ್ಟಣವನ್ನು ಪಾತ್ರೆಗೆ ಸುರಿದಳು.

ಊಟದ ಹೊತ್ತಿಗೆ ಮೊದಲು ತಲೆಯೆತ್ತಿದವನು ಸ್ಪೇನಿನ ದಪ್ಪ ಮುದುಕ. “ಅಮ್ಮಾ, ಇವತ್ತೇನು ಮ್ಯಾಜಿಕ್ ಮಾಡಿದ್ರಿ? ಇಷ್ಟು ದಿನದಲ್ಲಿ ಇವತ್ತೇ ಊಟ ಮಾಡಿದ ಹಾಗಾಯ್ತು!” ಎಂದ. ಎಲ್ಲರೂ ನಾಲಿಗೆ ಚಪ್ಪರಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಏನೂ ತಿಳಿಯದೆ ಸೊರಸೊರ ಕುಡಿಯುತ್ತಿದ್ದವರು ಗುರುಗಳೊಬ್ಬರೇ. ಕದ್ದು ಹಂದಿಮಾಂಸ ತಿಂದು ಅಭ್ಯಾಸವಾದ ಆ ನಾಲಿಗೆಗೆ ಉಪ್ಪು ಹೊಸದಾಗಿರಲಿಲ್ಲ.

“ಗುರುಗಳೇ, ಇದರಲ್ಲಿ ಉಪ್ಪಿದೆ ಅಲ್ವಾ?” ಎಂದಳು ಬ್ರೂನೆಲಾ, ಮೆಲ್ಲಗೆ.

ಸೆಗುಂದಿನೊನ ಚಮಚ ಗಾಳಿಯಲ್ಲೇ ನಿಂತಿತು. “ಚಿಕ್ಕಮ್ಮಾ! ಉಪ್ಪು ಹಾಕಿದ್ಯಾ?”

“ಅಯ್ಯೋ, ಹಾಕ್ಬಿಟ್ನಾ? ವಯಸ್ಸಾಯ್ತಲ್ಲಪ್ಪ, ಕೈ ತಪ್ಪಿರ್ಬೇಕು” ಎಂದಳು ಒರ್ಫೆಲಿನಾ, ತೋಳಿನಿಂದ ಬೆವರು ಒರೆಸಿಕೊಳ್ಳುತ್ತ. “ಈಗ ಏನ್ ಮಾಡೋದು? ಉಪ್ಪು ತಿಂದೋರು ಬಳ್ಳಿ ಮುಟ್ಟಬಾರದು ಅಂತ ನೀನೇ ತಾನೆ ಇವರಿಗೆಲ್ಲ ಪಾಠ ಹೇಳಿದ್ದು?”

ಹೇಳಿದ್ದ, ದಿನವೂ ಕಣ್ಣುಮುಚ್ಚಿ ಗಂಭೀರವಾಗಿ ಹೇಳಿದ್ದ. ಈಗ ಅಷ್ಟೂ ಜನರ ಎದುರು ಅದನ್ನು ನುಂಗುವಂತಿರಲಿಲ್ಲ. ಕೂಟ ನಿಂತಿತು. ಆಮೇಲೆ ಅಡುಗೆಮನೆಗೆ ಬಂದು ಹಲ್ಲು ಕಡಿದ. “ನಾಳೆಯಿಂದ ಇಲ್ಲಿ ಕಾಲಿಡ್ಬೇಡ.”

“ಆಗ್ಲಿ ಕಣಪ್ಪ” ಎಂದು ಪಾತ್ರೆ ಉಜ್ಜಿದಳು. ಅಂದು ಬ್ರೂನೆಲಾಳ ಕೋಣೆಯ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದಳು.

ಗುರುವಾರ ದೋಣಿಯ ಸದ್ದು ಕೇಳಿದಾಗ ಅವಳು ದಂಡೆಗೆ ಓಡಿದಳು. ಯೆಸೇನಿಯಾ ಮಾತು ಉಳಿಸಿಕೊಂಡಿದ್ದಳು, ಜೊತೆಗೆ ಪೊಲೀಸರೂ ಇದ್ದರು. ಹಿಂದೆ ಹೋದ ಹುಡುಗಿಯರೂ ಒಬ್ಬೊಬ್ಬರಾಗಿ ಫೋನಿನಲ್ಲಿ ಹೇಳಿಕೆ ಕೊಟ್ಟರು. ಸೆಗುಂದಿನೊನನ್ನು ಕರೆದೊಯ್ದು ಕೇಂದ್ರಕ್ಕೆ ಬೀಗ ಹಾಕಿದರು. ಬ್ರೂನೆಲಾ ಒರ್ಫೆಲಿನಾಳನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಎಷ್ಟೋ ತಿಂಗಳ ಮೇಲೆ ಒರ್ಫೆಲಿನಾ ಅಂದು ಎದೆ ತುಂಬ ಉಸಿರಾಡಿದಳು.

ಹಳ್ಳಿಯಲ್ಲಿ ಕೆಲವರು ‘ಉಪ್ಪಿನ ಋಣ ಮರೆತವಳು’ ಎಂದು ಆಡಿಕೊಂಡರು. ಆ ಮನೆಯಲ್ಲಿ ಉಪ್ಪು ಎಲ್ಲಿತ್ತು, ಋಣ ಇರಲಿಕ್ಕೆ? ಅವಳಿಗೆ ಆ ಮಾತು ತಾಗಲಿಲ್ಲ. ತಾಗಿದ್ದು ಅಕ್ಕನ ಮುಚ್ಚಿದ ಬಾಗಿಲು.

ನದಿ ಇಳಿದು ದಂಡೆಯ ಮರಳು ಕಂಡ ಮೇಲೆ ಒಂದು ಮಧ್ಯಾಹ್ನ ಲಿದಿಯಾ ಬಂದಳು. ಕೈಯಲ್ಲಿ ಎರಡು ಮೀನು. ನೇರ ಒಳಗೆ ಬಂದು ಒಲೆಯ ಪಕ್ಕ ಕುಳಿತಳು. ಒರ್ಫೆಲಿನಾ ಮೀನು ಹೆಚ್ಚಿ ಸಾರು ಮಾಡಿದಳು. ಬಟ್ಟಲನ್ನು ಅಕ್ಕನ ಮುಂದಿಟ್ಟಳು.

ಲಿದಿಯಾ ಒಂದು ಗುಟುಕು ಕುಡಿದಳು. “ಅವನ ಆಟ ಸೊಸೆ ನಂಗೆ ಮೊದಲೇ ಹೇಳಿದ್ಲು ಕಣೇ” ಎಂದಳು ತಲೆ ಎತ್ತದೆ. “ಬಾಯಿ ಮುಚ್ಚು ಅಂದಿದ್ದೆ ಅವಳಿಗೆ.” ಇನ್ನೊಂದು ಗುಟುಕು ಕುಡಿದು ಬಟ್ಟಲನ್ನು ಮುಂದೆ ತಳ್ಳಿದಳು.

“ಉಪ್ಪು ಸಾಲ್ದು. ಹಾಕೇ ಇನ್ನೊಂಚೂರು.”