ಹಳೇ ಕಾರಿಗೆ ಹೊಸ ಆಲ್ಟರ್ನೇಟರ್

ಅಮೆರಿಕದ ಆಶ್‌ಬರ್ನಿನ ನಮ್ಮ ಗ್ಯಾರೇಜಿನಲ್ಲಿರುವ ಕಾರು ವಯಸ್ಸಿನಲ್ಲಿ ನನಗಿಂತ ಹಿರಿಯದು. ನಾನದನ್ನು ಕೊಂಡ ದಿನ ನನ್ನ ಗಂಡ, "ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡ್ ಬಂದೆ" ಎಂದು ನಕ್ಕಿದ್ದರು. ಬ್ಯಾಟರಿ ಚಾರ್ಜ್ ಮಾಡುವ ಅದರ ಡೈನಮೊ ಹಳೆಯದು; ಕಾರು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಹೆಡ್‌ಲೈಟು ಮಂಕಾಗುತ್ತಿತ್ತು. ಡೇಟಾ ಸೆಂಟರಿನಲ್ಲಿ ಕರೆಂಟು ಹೋಗದಂತೆ ಕಾಯುವುದೇ ನನ್ನ ಉದ್ಯೋಗ. ನನ್ನ ಕಾರಿಗೇ ಈ ಗತಿಯೇ ಎಂದು ಸಿಟ್ಟು ಬರುತ್ತಿತ್ತು. ಡೈನಮೊ ಕಿತ್ತು, ಅದೇ ಕೆಲಸ ಮಾಡುವ ಹೊಸ ಕಾಲದ ಆಲ್ಟರ್ನೇಟರ್ ಕೂರಿಸಿ, ದಪ್ಪ ವೈರು ಎಳೆದೆ.

ಆ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಅಪ್ಪ ಬಂದಿದ್ದರು. ಡ್ರೈವ್ ಮಾಡುವಂತಿಲ್ಲ, ನಡೆದು ಹೋಗಲು ಅಂಗಡಿಯಿಲ್ಲ, ಮೊಮ್ಮಗಳ ಇಂಗ್ಲಿಷ್ ಅರ್ಥವಾಗುವುದಿಲ್ಲ. ಇಲ್ಲಿ ಅವರಿಗೆ ಗುರುತಿದ್ದದ್ದು ಆ ಕಾರಿನ ಎಂಜಿನ್ ಒಂದೇ. ಊರಲ್ಲಿ ವರ್ಷಗಟ್ಟಲೆ ಅಂಬಾಸಡರ್ ಸಾಕಿದ ಮನುಷ್ಯ.

ಆಲ್ಟರ್ನೇಟರ್ ಕೂರಿಸಿದ ಮೇಲೆ ಮೊದಲ ಸಲ ಎಂಜಿನ್ ಶುರುವಾದದ್ದೇ ತಡ, ಅಪ್ಪ ಮುಂದೆ ಬಾಗಿದರು. "ಚಾರ್ಜ್ ಆಗತೈತೋ ಇಲ್ಲೋ ನೋಡಬೇಕಂದ್ರ ಹಿಂಗ ಮಾಡಬೇಕವಾ" ಎನ್ನುತ್ತ ಬ್ಯಾಟರಿಯ ವೈರನ್ನು ಕಿತ್ತೇಬಿಟ್ಟರು. ವೈರು ಕಿತ್ತರೂ ಗಾಡಿ ನಿಲ್ಲದಿದ್ದರೆ ಡೈನಮೊ ಚೆನ್ನಾಗಿದೆ ಎಂದರ್ಥ. ಅವರ ಕಾಲದ ಮೆಕ್ಯಾನಿಕ್ಕುಗಳೆಲ್ಲ ಮಾಡುತ್ತಿದ್ದ ಪರೀಕ್ಷೆ. ಆಲ್ಟರ್ನೇಟರ್ ಅದನ್ನು ತಾಳುವುದಿಲ್ಲ. ವೋಲ್ಟೇಜು ಒಮ್ಮೆಲೇ ಏರಿ ಒಳಗಿನ ಡಯೋಡುಗಳು ಸುಟ್ಟುಹೋದವು.

"ಇರ್ಲಿ ಬಿಡ್ರಿ ಅಪ್ಪಾ, ಬೇರೆ ತರಸ್ತೀನಿ" ಎಂದೆ. ಅಪ್ಪ ವೈರನ್ನು ಮತ್ತೆ ಬ್ಯಾಟರಿಗೆ ಸಿಕ್ಕಿಸಿ ಒಳಗೆ ಹೋದರು. ಅಂದಿನಿಂದ ಮನೆಯಲ್ಲಿ ಯಾವುದನ್ನೂ ಮುಟ್ಟದಾದರು. ಚಹಾ ಬೇಕಾದರೂ ಒಲೆ ಹಚ್ಚದೆ, ನಾನು ಬರಲಿ ಎಂದು ಕಾಯುತ್ತ ಕೂರುತ್ತಿದ್ದರು. ನಾನು ಬೈದಿದ್ದರೆ ಜಗಳವಾಡಿ ಮುಗಿಯುತ್ತಿತ್ತೇನೋ. ಹೀಗೇ ಊರಿಗೆ ಮರಳಿಬಿಟ್ಟರೆ ಎಂದು ನನಗೆ ಭಯವಾಯಿತು.

ಇನ್ನೊಂದು ಆಲ್ಟರ್ನೇಟರ್ ಬಂತು. ಗ್ಯಾರೇಜಿನ ಬಾಗಿಲು ತೆರೆದಿಟ್ಟು ಅದನ್ನೂ ಕೂರಿಸಿದೆ. ಅಪ್ಪ ಬೆನ್ನ ಹಿಂದೆ ಕೈಕಟ್ಟಿ ದೂರ ನಿಂತಿದ್ದರು. ಎಂಜಿನ್ ಶುರುಮಾಡಿ, ವೋಲ್ಟ್ ಮೀಟರಿನ ಎರಡೂ ಕಡ್ಡಿಗಳನ್ನು ಅವರತ್ತ ಚಾಚಿದೆ.

"ಬ್ಯಾಡವಾ, ನೀನ ನೋಡು."

"ನನ್ನ ಕೈಯೆಲ್ಲಾ ಎಣ್ಣಿ ಆಗೇತ್ರೀ, ಹಿಡೀರಿ" ಎಂದು ಸುಳ್ಳು ಹೇಳಿದೆ.

ಹಿಡಿದರು. ಬ್ಯಾಟರಿಯ ಎರಡು ತುದಿಗೆ ಒತ್ತಿ, ಕನ್ನಡಕ ಸರಿಮಾಡಿಕೊಳ್ಳಲು ಕೈ ಬಿಡುವಿಲ್ಲದೆ ಕತ್ತು ಹಿಂದಕ್ಕೆ ವಾಲಿಸಿ ಓದಿದರು: "ಹದಿನಾಕರ ಮ್ಯಾಲ ಐತಿ." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಇದು ಛಲೋನೋ, ಕೆಟ್ಟದ್ದೋ?"

"ಛಲೋ ಐತ್ರೀ ಅಪ್ಪಾ, ಚಾರ್ಜ್ ಆಗಾಕತ್ತೈತಿ."

ಓದಿ ಆದಮೇಲೂ ಅಪ್ಪ ಕಡ್ಡಿಗಳನ್ನು ತೆಗೆಯಲಿಲ್ಲ. ನಾನೂ ಎಂಜಿನ್ ಆಫ್ ಮಾಡಲಿಲ್ಲ.