ಜಪಾನಿನ ದೇವರಿಗೆ ಕೊಟ್ಟ ಹುಂಜ

ನಾನು ನಿಂತಿದ್ದದ್ದು ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಜಪಾನಿನಿಂದ ಬಂದಿದ್ದ ಇಂಜಿನಿಯರ್ ಸಾಹೇಬರ ಹಿತ್ತಲ ನಲ್ಲಿಯ ಪಕ್ಕ. ಅರವತ್ತರ ದಶಕದ ಮೊದಲ ವರ್ಷಗಳು; ಕಾರ್ತಿಕದ ಒಂದು ಭಾನುವಾರ, ಮಧ್ಯಾಹ್ನ. ಗುಡಿ ನನ್ನ ಎದುರಿಗೇ ಇತ್ತು, ಆದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರವಲ್ಲ. ಗುಡಿಯೆಂದರೆ ಸೊಂಟದೆತ್ತರದ ಕಂಬದ ಮೇಲೆ ಮರದ ಪುಟ್ಟ ಮನೆ, ಮುಂದೆ ಕೆಂಪು ಚೌಕಟ್ಟು, ಎರಡು ಬದಿಗೆ ಪಿಂಗಾಣಿಯ ಬಿಳಿ ನರಿಗಳು. ಒಳಗಿರುವುದು ಪೈರಿನ ದೇವರು, ನರಿಗಳು ಆ ದೇವರ ದೂತರು ಎಂದು ಸಾಹೇಬರು ಹೇಳಿದ್ದರು. ನಾನು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದೆ.

ಬಾಗಲಗುಂಟೆಯಲ್ಲಿ ನನ್ನ ದೊಡ್ಡಪ್ಪನ ರಾಗಿ ಕೊಯ್ಲಾಗಿ ಹೊಲದಲ್ಲೇ ಬಿದ್ದಿತ್ತು. ಮೋಡ ಕಟ್ಟುತ್ತಿತ್ತು. ತೆನೆ ನೆನೆದರೆ ಬಿದ್ದಲ್ಲೇ ಮೊಳೆಯುತ್ತದೆ, ವರ್ಷದ ಊಟ ಹೋಗುತ್ತದೆ. ಮೆದೆ ಒಟ್ಟೋಣ ಬಾ ಎಂದು ಬೆಳಗಿನಿಂದ ಬೇಡಿಕೊಂಡೆ; ದೊಡ್ಡಪ್ಪ ಮಾತ್ರ ಮೊದಲು ಸಾಹೇಬರ ಗುಡಿಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದ. ನರಿ ಮುಖ ನೋಡಿದರೇ ಒಳ್ಳೆಯದಾಗುತ್ತದೆ, ನರಿಯನ್ನೇ ಸಾಕಿದ ದೇವರು ಮಳೆ ತಡೆಯದೆ ಇರುತ್ತಾನೆಯೇ ಎಂಬುದು ಅವನ ವಾದ. ಕೈ ಮುಗಿದು ಬರುವುದಷ್ಟೇ ಎಂದು ಮಾತು ಕೊಟ್ಟ. ಅವನು ಹೊದ್ದಿದ್ದ ಕಂಬಳಿಯೊಳಗೆ ಹುಂಜವಿದ್ದದ್ದು ನನಗೆ ಗೊತ್ತಿರಲಿಲ್ಲ.

ನಾನು ಸಾಹೇಬರಿಗೆ ಅವನ ಪರಿಚಯ ಹೇಳುತ್ತಿದ್ದಾಗಲೇ ಹುಂಜದ ಕತ್ತಿನ ಮೇಲೆ ದೊಡ್ಡಪ್ಪನ ಕುಡುಗೋಲು ಆಡಿತು. ರಕ್ತ ಎಡಗಡೆಯ ನರಿಯ ಮುಖಕ್ಕೆ ಹಾರಿತು. ಬಲಗಡೆಯದಕ್ಕೆ ಏನೂ ಆಗಲಿಲ್ಲ. ಸಾಹೇಬರ ಹೆಂಡತಿ ಒಳಗೆ ಓಡಿದರು. ಸಾಹೇಬರು, ಹೆಂಡತಿ ತಂದುಕೊಟ್ಟ ಬಟ್ಟಲಿನಿಂದ ಉಪ್ಪು ತೆಗೆದು ಗುಡಿಯ ಸುತ್ತ ಎರಚತೊಡಗಿದರು. ಅವರಲ್ಲಿ ಮೈಲಿಗೆ ಕಳೆಯುವುದು ಉಪ್ಪಿನಿಂದ.

ದೊಡ್ಡಪ್ಪನ ಮುಖ ಅರಳಿತು. ನಮ್ಮಲ್ಲಿ ಊರಮ್ಮನಿಗೆ ಕುಯ್ದ ಕೋಳಿಯನ್ನು ಅಲ್ಲೇ ಬೇಯಿಸಿ, ಉಂಡು ಬರಬೇಕು.

"ಉಪ್ಪಾಕ್ತಾವ್ರೆ ನೋಡ್ಲಾ," ಎಂದ. "ಒಲೆ ಎಲ್ಲಿ ಊಡ್ತಾರೆ ಕೇಳು."

"ಅದು ಅಡಿಗೆಗಲ್ಲ ದೊಡ್ಡಪ್ಪ, ನೀನು ಗಲೀಜು ಮಾಡಿದ್ದಕ್ಕೆ. ನಡಿ, ರಾಗಿ ನೆನೀತದೆ."

"ಪರ್ಸಾದ ತಿನ್ದೆ ಎದ್ರೆ ದ್ಯಾವ್ರು ಸುಮ್ಕಿರ್ತಾನಾ? ಕುಂತ್ಕೊ."

ಅವನು ಕುಳಿತೇ ಬಿಟ್ಟ. ರಟ್ಟೆ ಹಿಡಿದು ಎಳೆದೆ, ಏಳಲಿಲ್ಲ. ಸಾಹೇಬರು ಮತ್ತೆ ಮತ್ತೆ ಎರಚಿದಾಗ, ಇಷ್ಟು ಉಪ್ಪು ಯಾರು ತಿನ್ನುತ್ತಾರೆ ಎಂದು ಗೊಣಗಿದ. ಹಾಗೆ ಕುಳಿತಿದ್ದಾಗಲೇ ಹನಿ ಬಿತ್ತು. ನಾವು ಬಾಗಲಗುಂಟೆ ಮುಟ್ಟುವಷ್ಟರಲ್ಲಿ ಹೊಲದಲ್ಲಿ ನೀರು ನಿಂತಿತ್ತು. ಅರ್ಧಕ್ಕಿಂತ ಹೆಚ್ಚು ರಾಗಿ ಮೊಳೆಯಿತು. ಪ್ರಸಾದ ಕೊಡದೆ ಕಳಿಸಿದರಲ್ಲ, ಅದಕ್ಕೇ ಎಂದು ದೊಡ್ಡಪ್ಪ ಸಾಯುವವರೆಗೂ ಹೇಳುತ್ತಿದ್ದ.

ಸಾಹೇಬರೂ ಅವರ ಹೆಂಡತಿಯೂ ತಮ್ಮ ದೇಶಕ್ಕೆ ಮರಳಿದರು, ಆಮೇಲಿನದು ತಿಳಿಯದು. ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವುದು ನಾನು, ಮತ್ತೆ ಅಂದು ಬೇಲಿಯಾಚೆ ಪಾತಿ ಮಾಡುತ್ತಿದ್ದ ಮಾಲಿ. ಅವನು ಗಂಗಾನಗರದಲ್ಲಿ ಮಗಳ ಮನೆಯಲ್ಲಿದ್ದಾನೆ. ಹುಂಜ ಕುಯ್ಯುವ ಮೊದಲೇ ಹನಿ ಬಿದ್ದಿತ್ತು ಎನ್ನುತ್ತಾನೆ. ಅಲ್ಲ, ಆಮೇಲೆ.