ಅಮ್ಮ ನೆನೆಸಿಟ್ಟ ಎಲೆ

ಕಳೆದ ವರ್ಷ ಮಿಜಾರಿನ ಒಂದು ಕಾಲೇಜಿನಲ್ಲಿ ಹೊಸ ಕತೆಗಾರರಿಗಾಗಿ ಒಂದು ದಿನದ ಕಮ್ಮಟ ನಡೆಯಿತು. ವೇಣೂರಿನಲ್ಲಿ ಬೀಡಿ ಕಟ್ಟುವ ನಾನೂ ಹೆಸರು ಕೊಟ್ಟಿದ್ದೆ. ಅದರ ಹಿಂದಿನ ವರ್ಷವೂ ಹೋಗಿದ್ದೆ. ಆಗ ನನ್ನ ಕತೆ ಕೇಳಿದ ಹಿರಿಯ ಕತೆಗಾರರು "ಚೆನ್ನಾಗಿದೆ, ಮುಂದಿನವರು ಬನ್ನಿ" ಎಂದು ಮುಗಿಸಿಬಿಟ್ಟಿದ್ದರು. ಬೈದಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ. ಈ ಸಲವೂ ಹಾಗೆಯೇ ಆದರೆ ಬರೆಯುವುದನ್ನೇ ಬಿಡುತ್ತೇನೆ ಎಂದು ಮನೆಯಲ್ಲಿ ಎಲ್ಲರೆದುರು ಶಪಥ ಮಾಡಿದ್ದೆ. ನನ್ನದು ಹಾಗೆಯೇ, ಬಾಯಿ ಮೊದಲು, ಯೋಚನೆ ಆಮೇಲೆ.

ಬರೆದದ್ದು ನನ್ನ ಅಮ್ಮ ತೀರಿಕೊಂಡ ದಿನದ ಕತೆ. ಅಮ್ಮನೂ ಬೀಡಿ ಕಟ್ಟುತ್ತಿದ್ದವಳು. ನಾನಾಗ ಎಂಟನೇ ಕ್ಲಾಸು. ಕಣ್ಣೀರ ಕೋಡಿ, ಬರಸಿಡಿಲು, ಕಾರ್ಮೋಡ ಎಲ್ಲವನ್ನೂ ಧಾರಾಳವಾಗಿ ಸುರಿದಿದ್ದೆ. ಕಮ್ಮಟಕ್ಕೆ ಎರಡು ದಿನ ಇರುವಾಗ ಪಕ್ಕದ ಮನೆಯ ಗಿರಿಜಕ್ಕನ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಗಿರಿಜಕ್ಕ ಅಮ್ಮನ ಗೆಳತಿ. ಅರುವತ್ತು ದಾಟಿದ್ದಾರೆ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಅಳುತ್ತಾ ಓದುತ್ತಿದ್ದರೆ ಅವರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಲೇ ಇದ್ದರು.

"ಹೇಗುಂಟು ಗಿರಿಜಕ್ಕ?" ಎಂದು ಕೇಳಿದೆ.

"ಎಲ್ಲ ಉಂಟು ಮಾರಾಯ್ತಿ. ಆದರೆ ನಿನ್ನಮ್ಮ ನೆನೆಸಿಟ್ಟ ಎಲೆ ಎಲ್ಲಿ ಹೋಯಿತು?"

ಬೀಡಿ ಎಲೆಯನ್ನು ಹಿಂದಿನ ದಿನವೇ ನೀರಲ್ಲಿ ನೆನೆಸಿಡುತ್ತೇವೆ. ಒದ್ದೆಯಾದ ಎಲೆಯನ್ನು ಬೇಗ ಕಟ್ಟಿ ಮುಗಿಸದಿದ್ದರೆ ಹಾಳು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸಿಟ್ಟು ನೆತ್ತಿಗೇರಿತು. "ಅಮ್ಮ ಸತ್ತ ಕತೆಯಲ್ಲಿ ಎಲೆ ಯಾರಿಗೆ ಬೇಕು?" ಎಂದೆ.

"ನಿನಗೆ ಬೇಡದಿದ್ದರೆ ಬೇಡ. ಅವಳಿಗೆ ಬೇಕಿತ್ತು" ಎಂದರು. ಕಟ್ಟಿದ ಬೀಡಿಯನ್ನು ಮೊರಕ್ಕೆ ಹಾಕಿ ತಾವಾಗಿಯೇ ಹೇಳತೊಡಗಿದರು. "ನಿನ್ನನ್ನು ಅಂದು ಸಂಜೆಯೇ ಮಾವ ಬೆಳ್ತಂಗಡಿಗೆ ಕರ್ಕೊಂಡು ಹೋದರು. ನಿನಗೆ ಗೊತ್ತಿಲ್ಲ. ಅವಳ ಎಲೆ ಒದ್ದೆ ಗೋಣಿಯಲ್ಲಿ ಹಾಗೆಯೇ ಇತ್ತು. ಸಾವಿನ ಮನೆಯಲ್ಲಿ ಕಟ್ಟುವ ಹಾಗಿಲ್ಲ. ನಾವು ನಾಲ್ಕು ಜನ ಹೆಂಗಸರು ಅದನ್ನು ಇಲ್ಲಿಗೆ ತಂದು ಕಟ್ಟಿದೆವು. ಬೀಡಿ ಕಂಪನಿಯ ಎಲೆ ತಂದು ಹಾಳು ಮಾಡಿದಳು ಅಂತ ಅವಳ ಮೇಲೆ ಮಾತು ಬರಬಾರದಲ್ಲ. ಅವಳ ಬೀಡಿ ಸಪೂರ, ಕಡ್ಡಿಯ ಹಾಗೆ. ನಮ್ಮ ಕೈಗೆ ಅದು ಬರುವುದಿಲ್ಲ. ಬಿಚ್ಚಿ ಬಿಚ್ಚಿ ಕಟ್ಟಿದೆವು, ಅವಳದರ ಹಾಗೆಯೇ ಆಗುವ ತನಕ."

ಇಪ್ಪತ್ತು ವರ್ಷ ಈ ಮಾತನ್ನು ಅವರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಮ್ಮನ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂಬ ಜಂಬ ನನ್ನದು. ಮನೆಗೆ ಬಂದು ಸಿಡಿಲು, ಮೋಡ ಎಲ್ಲವನ್ನೂ ಹೊಡೆದುಹಾಕಿ ಹೊಸದಾಗಿ ಬರೆದೆ. ನಾಲ್ಕು ಹೆಂಗಸರು, ಒಂದು ಗೋಣಿ ಎಲೆ, ಅಷ್ಟೇ.

ಕಮ್ಮಟಕ್ಕೆ ಹೊರಡುವಾಗ ಗಿರಿಜಕ್ಕನನ್ನೂ ಒತ್ತಾಯ ಮಾಡಿದೆ. "ಓದಿದವರ ನಡುವೆ ನಾನು ಎಂತ ಮಾಡುವುದು?" ಎಂದು ಗೊಣಗುತ್ತಲೇ ಒಳ್ಳೆಯ ಸೀರೆ ಉಟ್ಟು ಬಂದರು. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ಮಿಜಾರಿಗೆ ಹೋದೆವು.

ನನ್ನ ಸರದಿ ಬಂತು. ಓದಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಟ್ಟೆ ಎಂದುಕೊಂಡೆ. ಹಿಂದಿನ ವರ್ಷದ ಅದೇ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಹೇಗೆ ಹೊಳೆಯಿತಮ್ಮ ನಿಮಗೆ?" ಎಂದು ಕೇಳಿದರು.

"ನನಗೆ ಹೊಳೆದದ್ದಲ್ಲ ಸರ್" ಎಂದು ಗಿರಿಜಕ್ಕನನ್ನು ತೋರಿಸಿದೆ.

ಅವರು ಎದ್ದು ಹೋಗಿ ಕೈ ಮುಗಿದು ಗಿರಿಜಕ್ಕನನ್ನು ವೇದಿಕೆಗೆ ಕರೆತಂದರು. "ಬರೆಯಬೇಕೆಂದಿರುವ ಈ ಮಕ್ಕಳಿಗೆ ನೀವೇ ಎರಡು ಮಾತು ಹೇಳಿ" ಎಂದರು. ಗಿರಿಜಕ್ಕನಿಗೆ ಕನ್ನಡ ತಡವರಿಸಿತು, ಮನೆಯಲ್ಲಿ ನಾವು ಮಾತಾಡುವ ತುಳುವಿನಲ್ಲೇ ಹೇಳಿದರು. ಬಯಲುಸೀಮೆಯಿಂದ ಬಂದಿದ್ದ ಹಿರಿಯರಿಗೂ ಹೊರ ಊರಿನ ಮಕ್ಕಳಿಗೂ ತಿಳಿಯಲೆಂದು ನಾನು ಪಕ್ಕದಲ್ಲಿ ನಿಂತು ಕನ್ನಡ ಮಾಡಿದೆ.

"ಸತ್ತವರನ್ನು, ಅಳುವವರನ್ನು ಎಲ್ಲರೂ ನೋಡುತ್ತಾರೆ. ಅವರು ಅರ್ಧಕ್ಕೆ ಬಿಟ್ಟ ಕೆಲಸ ಎಂತ, ಅದನ್ನು ಯಾರು ಮಾಡಿ ಮುಗಿಸಿದರು, ಅದನ್ನು ಹೋಗಿ ಕೇಳಿ. ಕೇಳದೆ ಬರೆಯಬೇಡಿ."

ನನ್ನ ಕತೆ ಆಮೇಲೆ ಅಚ್ಚಾಯಿತು, ನಾಲ್ಕು ಜನ ಹೊಗಳಿದರು. ನಾನು ಬರೆಯುವುದನ್ನೂ ಬಿಡಲಿಲ್ಲ. ಆದರೆ ಹೆಮ್ಮೆ ಎಂದಾಗ ನೆನಪಾಗುವುದು ಆ ವೇದಿಕೆಯೇ. ಸಹಿ ಮಾಡುವಲ್ಲೆಲ್ಲ ಹೆಬ್ಬೆಟ್ಟು ಒತ್ತುವ ಗಿರಿಜಕ್ಕನ ಮಾತನ್ನು ಕಾಲೇಜಿನ ಮಕ್ಕಳು ತಲೆತಗ್ಗಿಸಿ ಬರೆದುಕೊಳ್ಳುತ್ತಿದ್ದರು. "ಅಕ್ಕ, ಇನ್ನೊಮ್ಮೆ ಹೇಳಿ, ಬರೆದು ಆಗಲಿಲ್ಲ" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು. ಇನ್ನೊಮ್ಮೆ ಹೇಳಿದೆ, ಈ ಸಲ ಇಡೀ ಸಭಾಂಗಣಕ್ಕೆ ಕೇಳುವ ಹಾಗೆ.